ಹಳೇ ಟ್ರ್ಯಾಕ್ಟರ್‌ನ ಆಯಿಲ್ ಫಿಲ್ಟರ್: ಕಪ್ಪಾಗುವ ಆಯಿಲ್, ಜಿನುಗುವ ಬಟ್ಟಲು, ಸ್ಪಿನ್-ಆನ್ ಪ್ರಶ್ನೆ

ಅಣ್ಣಾ, ನೀವು ಕೇಳಿದ್ದು ಮೂರು ವಿಷಯ. ಹೊಸ ಆಯಿಲ್ ಹಾಕಿದ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತಿದೆ, ಫಿಲ್ಟರ್ ಕೂರುವ ಬಟ್ಟಲಿನ ಬಾಯಲ್ಲಿ ಜಿನುಗುತ್ತಿದೆ, ಇದರ ಬದಲು ಸ್ಪಿನ್-ಆನ್ ಫಿಲ್ಟರ್ (ಡಬ್ಬಿ ಸಮೇತ ತಿರುಗಿಸಿ ಹಾಕಿ ತೆಗೆಯುವಂಥದ್ದು) ಹಾಕಬಹುದಾ ಅಂತ.

ಕಪ್ಪಾಗುವುದಕ್ಕೆ ಫಿಲ್ಟರನ್ನು ಬೈಯಬೇಡಿ. ಡೀಸೆಲ್ ಎಂಜಿನ್‌ನಲ್ಲಿ ಮಸಿ ಆಯಿಲ್‌ಗೆ ಸೇರುತ್ತಲೇ ಇರುತ್ತದೆ. ಅಷ್ಟು ಸಣ್ಣ ಕಣ ಕಾಗದದ ಫಿಲ್ಟರ್‌ಗೆ ಸಿಗುವುದಿಲ್ಲ. ಈಗಿನ ಆಯಿಲ್‌ನಲ್ಲಿರುವ ಡಿಟರ್ಜೆಂಟ್ ಆ ಮಸಿಯನ್ನು ತಳದಲ್ಲಿ ಕೂರಲು ಬಿಡದೆ ತೇಲಿಸಿ ಇಡುತ್ತದೆ, ಅದಕ್ಕೇ ಕಪ್ಪು. ಆಯಿಲ್ ಹಾಲಿನ ಹಾಗೆ ಬೆಳ್ಳಗೆ ಕದಡಿದ್ದರೆ ಮಾತ್ರ ಗಾಡಿ ನಿಲ್ಲಿಸಿ ನೋಡಿ, ನೀರು ಸೇರಿರುತ್ತದೆ.

ಇನ್ನು ಜಿನುಗುವುದು. ಹತ್ತರಲ್ಲಿ ಎಂಟು ಸಲ ಇದು ರಿಂಗಿನ ತಂಟೆ. ಬಟ್ಟಲು ಕೂರುವ ಫಿಲ್ಟರ್ ತಲೆಯ ಗ್ರೂವ್‌ನಲ್ಲಿ (ರಿಂಗ್ ಕೂರುವ ಸಂದಿನಲ್ಲಿ) ಹಳೇ ರಬ್ಬರ್ ರಿಂಗ್ ಗಟ್ಟಿಯಾಗಿ, ಕಬ್ಬಿಣದ ಬಣ್ಣಕ್ಕೇ ತಿರುಗಿ ಅಂಟಿಕೊಂಡಿರುತ್ತದೆ. ಅದು ಕಾಣದೆ ಅದರ ಮೇಲೇ ಹೊಸದನ್ನು ಕೂರಿಸುತ್ತಾರೆ. ಎರಡು ರಿಂಗ್ ಸೇರಿದರೆ ಎಷ್ಟು ಬಿಗಿ ಮಾಡಿದರೂ ಸೋರುತ್ತದೆ. ಟಾರ್ಚ್ ಹಿಡಿದು, ಮೊನೆಯಿರುವ ಕಡ್ಡಿಯಿಂದ ಆ ಗ್ರೂವ್‌ನ ಸುತ್ತ ಕೆದಕಿ ನೋಡಿ. ಅಲ್ಯೂಮಿನಿಯಂ ತಲೆಯಾದರೆ ಗೀರು ಬೀಳದ ಹಾಗೆ ಹುಷಾರು. ಹೊಸ ರಿಂಗ್‌ಗೆ ಬೆರಳಲ್ಲಿ ಆಯಿಲ್ ಸವರಿ ಕೂರಿಸಿ. ನಡು ಬೋಲ್ಟ್‌ನ ತಾಮ್ರದ ವಾಷರ್ ಕೂಡ ಬದಲಿಸಿ. ಬೋಲ್ಟ್ ಬಿಗಿಯಾದರೆ ಸಾಕು, ಉದ್ದ ಪೈಪ್ ಹಾಕಿ ಎಳೆಯಬೇಡಿ, ಬಟ್ಟಲಿನ ಅಂಚು ಸೊಟ್ಟಗಾಗುತ್ತದೆ.

ಬಟ್ಟಲು ಬಿಚ್ಚುವಾಗ ಒಳಗಿನ ಸ್ಪ್ರಿಂಗ್, ತಟ್ಟೆ, ವಾಷರ್ ಯಾವ ಕ್ರಮದಲ್ಲಿವೆ ಅಂತ ಫೋಟೋ ತೆಗೆದಿಡಿ. ಆ ಸ್ಪ್ರಿಂಗ್ ಎಲಿಮೆಂಟನ್ನು (ಆಯಿಲ್ ಸೋಸುವ ಒಳಗಿನ ಕಾಗದದ ಭಾಗ) ಮೇಲಕ್ಕೆ ಒತ್ತಿ ಹಿಡಿಯುತ್ತದೆ. ಹಳೇ ಎಲಿಮೆಂಟ್ ಜೊತೆ ಅದೂ ಕಸಕ್ಕೆ ಹೋದರೆ, ಆಯಿಲ್ ಸೋಸದೆ ಪಕ್ಕದಿಂದಲೇ ನುಸುಳಿ ಹೋಗುತ್ತದೆ. ಎಂಜಿನ್ ಎಂದಿನಂತೆ ಓಡುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ.

ಸ್ಪಿನ್-ಆನ್ ವಿಷಯಕ್ಕೆ ಬರುವ ಮೊದಲು ನಿಮ್ಮದು ಯಾವ ಬಗೆ ಅಂತ ತಿಳಿಯಬೇಕು. ಫುಲ್-ಫ್ಲೋ ಆದರೆ ಪಂಪಿನ ಆಯಿಲ್ ಫಿಲ್ಟರ್ ದಾಟಿಯೇ ಬೇರಿಂಗ್‌ಗೆ ಹೋಗುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲನ್ನೇ ಬಿಡುತ್ತದೆ. ಇಲ್ಲಿ ಸ್ಪಿನ್-ಆನ್ ಕೂರಿಸುವ ಅಡಾಪ್ಟರ್ ಹಾಕುವುದು ಒಳ್ಳೆಯದೇ. ಆದರೆ ಮರೆ (ಥ್ರೆಡ್) ಸರಿ ಕೂತರೆ ಸಾಲದು. ವಾಲ್ವ್ ತಲೆಯಲ್ಲಿ ಇರಬೇಕು, ಇಲ್ಲವೇ ಹೊಸ ಫಿಲ್ಟರ್‌ನಲ್ಲಿ ಇರಬೇಕು.

ಇನ್ನೂ ಹಳೆಯ ಹಲವು ಎಂಜಿನ್‌ಗಳಲ್ಲಿ ಸಣ್ಣ ಪೈಪಿನಲ್ಲಿ ಸ್ವಲ್ಪ ಆಯಿಲ್ ಮಾತ್ರ ಫಿಲ್ಟರ್‌ಗೆ ಹೋಗಿ, ಸೋಸಿದ್ದು ವಾಪಸ್ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಬೀಳುತ್ತದೆ. ಇದು ಬೈಪಾಸ್ ಬಗೆ. ಆ ದಾರಿಯಲ್ಲಿ ಎಲ್ಲೋ ಒಂದು ಕಿರಿದಾದ ತೂತು ಬೇಕಂತಲೇ ಇಟ್ಟಿರುತ್ತಾರೆ. ಕಸ ಕಟ್ಟಿದ್ದರೆ ಗಾಳಿ ಹೊಡೆದು ಬಿಡಿಸಿ, ದೊಡ್ಡದು ಮಾಡಿದರೆ ಪ್ರೆಶರ್ ಕುಸಿಯುತ್ತದೆ. ಈ ಬಗೆಯಲ್ಲಿ ಎಲಿಮೆಂಟ್ ಪೂರ್ತಿ ಕಟ್ಟಿದ್ದರೂ ಪ್ರೆಶರ್ ಗೇಜ್ ಸರಿಯಾಗೇ ತೋರಿಸುತ್ತದೆ. ಅದಕ್ಕೇ ಗೇಜ್ ನಂಬಿ ಬಿಡಬೇಡಿ, ಮ್ಯಾನುಯಲ್ ಹೇಳಿದ ಗಂಟೆಗೆ ಬದಲಿಸಿ. ಇದಕ್ಕೆ ಸ್ಪಿನ್-ಆನ್ ಹಾಕಿದ ಮಾತ್ರಕ್ಕೆ ಫುಲ್-ಫ್ಲೋ ಆಗಿಬಿಡುವುದಿಲ್ಲ. ಸುಮ್ನೆ ಖರ್ಚು, ನನ್ನ ಪ್ರಕಾರ ಇದ್ದದ್ದೇ ಇರಲಿ.

ತೆಗೆದ ಎಲಿಮೆಂಟನ್ನು ಹಾಗೇ ಎಸೆಯಬೇಡಿ. ಮಡಿಕೆ ಕತ್ತರಿಸಿ ಬಿಡಿಸಿ, ಬಿಳಿ ಬಟ್ಟೆ ಮೇಲೆ ಹಿಂಡಿ. ಬಂದ ಚೂರು ಮ್ಯಾಗ್ನೆಟ್‌ಗೆ ಅಂಟಿದರೆ ಉಕ್ಕು ಅಥವಾ ಕಬ್ಬಿಣ. ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಅಥವಾ ಬುಷ್ ಸವೆತದ ಅನುಮಾನ. ಒಂದೆರಡು ಮಿನುಗಿಗೆ ತಲೆ ಕೆಡಿಸಿಕೊಳ್ಳಬೇಡಿ, ಪ್ರತಿ ಸಲ ಜಾಸ್ತಿ ಆಗುತ್ತಿದ್ದರೆ ಸಂಪ್ ಇಳಿಸಿ ನೋಡಬೇಕು. ಇಳಿಸಿದಾಗ ಪಂಪಿನ ಜಾಲರಿಯನ್ನೂ ತೊಳೆಯಿರಿ.

ಕೊನೆಗೆ, ಬಟ್ಟಲು ನೇರವಾಗಿ ಕೂರುವಂಥದ್ದಾದರೆ ಹೊಸ ಆಯಿಲ್ ತುಂಬಿಸಿಯೇ ಹಾಕಿ. ಆಮೇಲೆ ಎಂಜಿನ್ ಸ್ಟಾರ್ಟ್ ಆಗದ ಹಾಗೆ ಸ್ಟಾಪ್ ಎಳೆದು ಹಿಡಿದು, ಪ್ರೆಶರ್ ಏರುವ ತನಕ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆದ ಮೇಲೆ ರೇಸ್ ಕೊಡದೆ ಬಿಟ್ಟು, ಬಟ್ಟಲಿನ ಸುತ್ತ ಬೆರಳಾಡಿಸಿ ನೋಡಿ.

ಫಿಲ್ಟರ್ ತಲೆಗೆ ಬರುವ ಪೈಪ್‌ಗಳ ಒಂದು ಫೋಟೋ ಹಾಕಿ ಅಣ್ಣಾ, ನಿಮ್ಮದು ಯಾವ ಬಗೆ ಅಂತ ನೋಡೋಣ.