ಹೆಸರು ಬದಲಿಸಿದರೆ ಸಾಕಲ್ವಾ ಮೇಡಂ?

ಕೇಸ್ ಮ್ಯಾನೇಜ್‌ಮೆಂಟ್ ಪತ್ರಿಕೆಗಳಿಗೆ ಬರೆಯಲು ಹೊರಟವರ ಪ್ರಶ್ನೆಗಳಿಗೆ ಈ ಸಲ ಉತ್ತರ. ಕೇಸ್ ಮ್ಯಾನೇಜ್‌ಮೆಂಟ್ ಅಂದರೆ ಒಬ್ಬ ರೋಗಿಗೆ ಬೇಕಾದ ಚಿಕಿತ್ಸೆ, ಕಾಗದ, ನೆರವು ಎಲ್ಲವನ್ನೂ ಜೋಡಿಸಿಕೊಡುವ ಕೆಲಸ. ದಾವಣಗೆರೆ, ಚಿತ್ರದುರ್ಗ ಕಡೆಯ ನರ್ಸ್‌ಗಳು, ಆಸ್ಪತ್ರೆಯ ಸಮಾಜ ಕಾರ್ಯಕರ್ತರು, ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ರೋಗಿಗಳಿಗೆ ನೆರವಾಗುವ ಆರೋಗ್ಯ ಮಿತ್ರರು ಬರೆಯುತ್ತಿರುವುದು ಖುಷಿಯ ವಿಷಯವೇ. ಆದರೆ ಕೇಳಿದ್ದನ್ನೇ ಕೇಳುತ್ತೀರಿ. ಅದಕ್ಕೇ ಒಂದಕ್ಕೆ ಉದ್ದ ಉತ್ತರ, ಉಳಿದವಕ್ಕೆ ಗಿಡ್ಡ.

ಡಯಾಲಿಸಿಸ್ ರೋಗಿಯೊಬ್ಬರ ಬಗ್ಗೆ ಲೇಖನ ಬರೆದಿದ್ದೇನೆ. ಹೆಸರು ಬದಲಿಸಿದ್ದೇನೆ. ಗುರುತು ಹೇಳದಿದ್ದರೆ ಒಪ್ಪಿಗೆ ಬೇಡ ಅಂತ ನಮ್ಮ ಡಾಕ್ಟ್ರು ಹೇಳಿದರು. ಇಷ್ಟು ಸಾಕಲ್ವಾ ಮೇಡಂ? — ಸ್ಟಾಫ್ ನರ್ಸ್, ಚಳ್ಳಕೆರೆ

ಸಾಲದು. ನಿಮ್ಮ ಲೇಖನದ ವಿವರ ಇಲ್ಲಿ ಹಾಕುವುದಿಲ್ಲ, ಹಾಕಿದರೆ ನಾನೇ ತಪ್ಪಿತಸ್ಥೆ. ನಾನೇ ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ. 'ರಾಮಣ್ಣ (ಹೆಸರು ಬದಲಿಸಿದೆ), 46 ವರ್ಷ, ಮೊಳಕಾಲ್ಮೂರು ತಾಲ್ಲೂಕಿನ ರೇಷ್ಮೆ ಸೀರೆ ನೇಕಾರ, ಹೆಂಡತಿ ಅಂಗನವಾಡಿ ಕಾರ್ಯಕರ್ತೆ, ವಾರಕ್ಕೆ ಎರಡು ದಿನ ಡಯಾಲಿಸಿಸ್‌ಗೆ ದಾವಣಗೆರೆಗೆ ಬರುತ್ತಾರೆ.' ಹೆಸರು ಬದಲಾಗಿದೆ, ನಿಜ. ಆದರೆ ಆ ರೂಟಿನ ಬಸ್ ಕಂಡಕ್ಟರ್ ಕೂಡ ಇದು ಯಾರ ಮನೆ ಅಂತ ಹೇಳಿಬಿಡುತ್ತಾರೆ. ಬೆಂಗಳೂರಿನಲ್ಲಿ ನೂರು ಜನರ ನಡುವೆ ಮುಚ್ಚಿಹೋಗುವ ವಿವರ, ನಮ್ಮ ಕಡೆ ಒಂದೇ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಏನು ಮಾಡಬೇಕು? ಪ್ರತಿ ವಿವರಕ್ಕೂ ಒಂದೇ ಪ್ರಶ್ನೆ ಹಾಕಿ: ಇದಿಲ್ಲದಿದ್ದರೆ ಓದುವ ಕೇಸ್ ಮ್ಯಾನೇಜರ್‌ಗೆ ಏನಾದರೂ ತಪ್ಪಿಹೋಗುತ್ತದಾ? ಊರಿನ ಹೆಸರು ಬೇಕಿಲ್ಲ, ಬಸ್ಸಿನಲ್ಲಿ ಎಷ್ಟು ಹೊತ್ತಾಗುತ್ತದೆ ಅನ್ನುವುದು ಬೇಕು. 46 ಬೇಡ, 'ನಲವತ್ತು ದಾಟಿದವರು' ಸಾಕು. ನೇಕಾರಿಕೆ ಬೇಡ, ವಾರಕ್ಕೆ ಎರಡು ದಿನದ ಕೂಲಿ ಹೋಗುತ್ತದೆ ಅನ್ನುವುದು ಬೇಕೇ ಬೇಕು. ತಾರೀಖಿನ ಬದಲು 'ಮೊದಲ ವಾರ, ಆರನೇ ವಾರ' ಅಂತ ಬರೆಯಿರಿ. ಅಮೆರಿಕದಲ್ಲಿ ರೋಗಿಗಳ ಮಾಹಿತಿಯ ಗೌಪ್ಯತೆ ಕಾಯುವ ಹಿಪಾ ಕಾಯ್ದೆಯ ನಿಯಮದಡಿ ತೆಗೆಯಬೇಕಾದ 18 ಬಗೆಯ ಗುರುತುಗಳ ಪಟ್ಟಿಯೇ ಇದೆ. ವರ್ಷ ಬಿಟ್ಟು ಉಳಿದ ದಿನಾಂಕ, ರಾಜ್ಯಕ್ಕಿಂತ ಚಿಕ್ಕ ಊರು-ಜಿಲ್ಲೆ, 89 ದಾಟಿದ ವಯಸ್ಸು, ಎಲ್ಲವೂ ಅದರಲ್ಲಿವೆ. ಅದು ನಮಗೆ ಕಾನೂನಲ್ಲ. ಆದರೂ ಕಳಿಸುವ ಮುಂಚೆ ಒಮ್ಮೆ ತಾಳೆ ನೋಡಲು ಒಳ್ಳೆಯದು.

ತೆಗೆಯುವುದು ಬೇರೆ, ಸುಳ್ಳು ಸೇರಿಸುವುದು ಬೇರೆ. ಗಂಡಸನ್ನು ಹೆಂಗಸು ಮಾಡುವುದು, ಕಿಡ್ನಿಯನ್ನು ಲಿವರ್ ಮಾಡುವುದು ಬೇಡ. ಓದಿದವರು ಅದನ್ನು ನಂಬಿ ಕೆಲಸ ಮಾಡುತ್ತಾರೆ.

ಇನ್ನು ಒಪ್ಪಿಗೆ. ನಿಮ್ಮ ಡಾಕ್ಟ್ರು ಹೇಳಿದ್ದು ಸುಳ್ಳಲ್ಲ. ವೈದ್ಯರ ನಡತೆಯ 2002ರ ನಿಯಮಗಳ 7.17ರಲ್ಲಿ ಹಾಗೇ ಇದೆ: ಗುರುತು ಸಿಗುವಂತೆ ಪ್ರಕಟಿಸುವುದಾದರೆ ಅನುಮತಿ ಬೇಕು, ಗುರುತು ಹೇಳದಿದ್ದರೆ ಬೇಡ. ಆದರೆ ಗುರುತು ಸಿಗುವುದಿಲ್ಲ ಅಂತ ತೀರ್ಮಾನಿಸುವವರು ಯಾರು? ಬರೆದವರೇ ಅಲ್ವಾ? ಅದಕ್ಕೇ ನಾನು ಒಪ್ಪಿಗೆ ಇಲ್ಲದ ಲೇಖನ ಮುಟ್ಟುವುದಿಲ್ಲ. ಅತಿ ಅಂತ ಅನ್ನಿಸಿದರೆ ಅನ್ನಿಸಲಿ.

ಅಡ್ಮಿಟ್ ಆಗುವಾಗ ಹಾಕಿಸಿಕೊಂಡ ಸಹಿ ಇದಕ್ಕೆ ನಡೆಯುವುದಿಲ್ಲ. ಡಿಸ್ಚಾರ್ಜ್ ದಿನವಂತೂ ಕೇಳಲೇಬೇಡಿ. ಬಿಲ್ ಕೌಂಟರ್ ಮುಂದೆ ನಿಂತ ಮನುಷ್ಯ ಏನು ಕೇಳಿದರೂ ಹೂಂ ಅನ್ನುತ್ತಾನೆ. ಫಾಲೋ ಅಪ್‌ಗೆ ಬಂದಾಗ ಕೂರಿಸಿ, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿ. 'ಆ ಸಾಲು ಬೇಡ ಮೇಡಂ, ನಮ್ಮ ಬೀಗರಿಗೆ ಗೊತ್ತಾಗುತ್ತೆ' ಅಂತ ಅವರೇ ತೋರಿಸುತ್ತಾರೆ. ನಿಮಗೂ ನನಗೂ ಕಾಣದ ಗುರುತು ಅವರಿಗೆ ಕಾಣುತ್ತದೆ. ಬೇಡ ಅಂದರೆ ಅಲ್ಲಿಗೇ ಮುಗಿಯಿತು, ಒತ್ತಾಯ ಬೇಡ.

ಎಚ್‌ಐವಿ ಮತ್ತು ಮಾನಸಿಕ ಆರೋಗ್ಯ, ಎರಡಕ್ಕೂ 2017ರ ಕಾಯ್ದೆಗಳಿವೆ, ಎರಡರಲ್ಲೂ ಗೌಪ್ಯತೆ ಕಟ್ಟುನಿಟ್ಟು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ, ಅದರಲ್ಲೂ ಮಕ್ಕಳ ಗುರುತು ಹೊರಬಿದ್ದರೆ ಅದು ಅಪರಾಧ. ಹೊಸದಾಗಿ ಬರೆಯುವವರು ಈ ಕೇಸುಗಳ ಕಡೆ ಹೋಗಲೇಬೇಡಿ.

ಇಷ್ಟೆಲ್ಲ ತೆಗೆದರೆ ಉಳಿಯುವುದೇನು ಅಂತ ಕೇಳುತ್ತೀರಿ. ನಿಮ್ಮ ಕೆಲಸ! ಅದನ್ನೇ ಯಾರೂ ಬರೆಯುವುದಿಲ್ಲ. 'ಎಲ್ಲ ವಿಭಾಗಗಳೊಂದಿಗೆ ಸಮನ್ವಯ ಸಾಧಿಸಲಾಯಿತು' ಅಂತ ಒಂದು ಸಾಲು ಎಳೆದು ಮುಂದೆ ಓಡುತ್ತೀರಿ. ಯಾರಿಗೆ ಫೋನ್ ಮಾಡಿದಿರಿ? ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಅನುಮೋದನೆ ಯಾವ ಕಾಗದ ಇಲ್ಲದೆ ನಿಂತಿತು? ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ತರಲು ಯಾರು ಓಡಾಡಿದರು, ಆ ದಿನದ ಡಯಾಲಿಸಿಸ್ ತಪ್ಪಿತಾ? ಓದುಗರಿಗೆ ಬೇಕಾಗಿರುವುದು ಇದು. ಯೋಜನೆಯ ಅಂಕಿಗಳನ್ನೂ ಹಳೇ ಲೇಖನದಿಂದ ಎತ್ತಬೇಡಿ. ಟಿಬಿ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ ತಿಂಗಳಿಗೆ 500 ಅಂತ ಇನ್ನೂ ಬರೆಯುತ್ತಾರೆ. 2024ರ ನವೆಂಬರ್‌ನಿಂದ ಅದು 1000 ರೂಪಾಯಿ.

ಹಣ ಕಟ್ಟಿದರೆ ವಾರದಲ್ಲಿ ಪ್ರಕಟಿಸಿ ಸರ್ಟಿಫಿಕೇಟ್ ಕೊಡುತ್ತಾರಂತೆ. ಐಎಸ್‌ಎಸ್‌ಎನ್ ನಂಬರ್ ಇದೆ. ನಂಬಬಹುದಾ? — ಎಂಎಸ್‌ಡಬ್ಲ್ಯೂ ವಿದ್ಯಾರ್ಥಿ, ದಾವಣಗೆರೆ

ಐಎಸ್‌ಎಸ್‌ಎನ್ ಅಂದರೆ ಪತ್ರಿಕೆಯನ್ನು ಗುರುತಿಸುವ ಎಂಟು ಅಂಕಿಯ ನಂಬರ್, ಅಷ್ಟೇ. ಗಾಡಿಗೆ ನಂಬರ್ ಪ್ಲೇಟ್ ಇದೆ ಅಂತ ಬ್ರೇಕ್ ಸರಿಯಿದೆ ಅನ್ನೋಕಾಗುತ್ತಾ? ಒಂದು ಪ್ರಶ್ನೆಯನ್ನೂ ಕೇಳದೆ, ಒಂದು ಸಾಲನ್ನೂ ತಿದ್ದದೆ ವಾರದಲ್ಲಿ ಅಚ್ಚು ಹಾಕುವವರು ನಿಮ್ಮ ಲೇಖನ ಓದಿಲ್ಲ. ಅವರು ಎಣಿಸಿದ್ದು ದುಡ್ಡು ಮಾತ್ರ.

ನಾಟಿ ಔಷಧಿ ಕುಡಿದು ಡಯಾಲಿಸಿಸ್ ನಿಲ್ಲಿಸಿದವರೊಬ್ಬರ ಕಥೆ ಬರೆಯಬಹುದಾ? — ಹೊಸದುರ್ಗ

ಬೇಡ. ಔಷಧಿ ಕೊಟ್ಟವರು ನಿಮ್ಮ ಲೇಖನವನ್ನೇ ಫ್ರೇಮ್ ಹಾಕಿಸಿ ಅಂಗಡಿಯಲ್ಲಿ ತೂಗುಹಾಕುತ್ತಾರೆ. ನಾಳೆ ಅದನ್ನು ಓದಿ ಡಯಾಲಿಸಿಸ್ ಬಿಟ್ಟವರ ಜೀವಕ್ಕೆ ಯಾರು ಹೊಣೆ? ಆ ವ್ಯಕ್ತಿಯನ್ನು ಮೊದಲು ವಾಪಸ್ ಆಸ್ಪತ್ರೆಗೆ ಕರೆತನ್ನಿ.

ಬರೆದದ್ದು ನಾನು. ಮೊದಲ ಹೆಸರು ತಮ್ಮದಿರಲಿ ಅಂತಾರೆ ವಿಭಾಗದ ಮುಖ್ಯಸ್ಥರು. — ಚಿತ್ರದುರ್ಗ

ಬರೆದವರ ಹೆಸರು ಮೊದಲು. ಅವರಿಗೆ ಈ ಪುಟ ತೋರಿಸಿ.

ಡಿಸ್ಚಾರ್ಜ್ ಸಮ್ಮರಿಯನ್ನು ಎಐ ಆ್ಯಪ್‌ಗೆ ಹಾಕಿ ಲೇಖನ ಮಾಡಿಸಬಹುದಾ? — ಹರಿಹರ

ರೋಗಿಯ ಕಾಗದ ಆಸ್ಪತ್ರೆಯಿಂದಾಚೆ ಹೋಗಬಾರದು ಅಂದಮೇಲೆ ಆ್ಯಪ್‌ಗೂ ಹೋಗಬಾರದು.

ಎಷ್ಟು ಪದ ಇರಬೇಕು? — ಜಗಳೂರು

ಪತ್ರಿಕೆಯ ಸೂಚನೆ ಓದಿ.

ಕಣ್ಣಿಗೆ ಕಪ್ಪು ಪಟ್ಟಿ ಹಾಕಿ ರೋಗಿಯ ಫೋಟೋ ಕಳಿಸಬಹುದಾ? — ಹಿರಿಯೂರು

ಕಣ್ಣು ಮುಚ್ಚಿದರೆ ಗುರುತು ಮುಚ್ಚುವುದಿಲ್ಲ ಅಂತ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೇ ಹೇಳಿದೆ. ಫೋಟೋ ಕಳಿಸಬೇಡಿ. ಅದೇ ಫೋಟೋ ನಿಮ್ಮ ವಾಟ್ಸಾಪ್ ಸ್ಟೇಟಸ್‌ನಲ್ಲಿದ್ದರೆ ಈಗಲೇ ತೆಗೆಯಿರಿ.