ಐದನೇ ಪುಟದಲ್ಲಿ ಬಚ್ಚಿಟ್ಟ ಸಾಲು

ಮಾಸ್ತರರೇ, ಹಿಮಾಲಯದಲ್ಲಿ ಗಂಗೆಯ ಮೂಲಧಾರೆ ಭಾಗೀರಥಿ ಹುಟ್ಟುವ ಗೋಮುಖಕ್ಕೆ ಹೋಗಿಬಂದು ಗದಗಿನಿಂದ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲು ಆಗುವುದಿಲ್ಲ. ಬೇಜಾರಾಗಬೇಡಿ, ಯಾಕೆ ಅಂತ ಹೇಳುತ್ತೇನೆ.

ಮೊದಲ ಎರಡು ಪುಟ ಬರೀ ‘ಬೆಳ್ಳಿ ಕಿರೀಟ’, ‘ಪ್ರಕೃತಿಯೆಂಬ ಶಿಲ್ಪಿ’. ಹೊಡೆದುಹಾಕಿ. ಶಿಲ್ಪಿ ಅಂದಿರಲ್ಲ, ಅವನ ಉಳಿ ಯಾವುದು ಅಂತ ಒಂದು ಮಾತು ಹೇಳಿದ್ದೀರಾ? ಹಿಮ ಸವರಿ ಸವರಿ ಬಂಡೆ ಕರಗಿತು ಅಂತ ಬರೆದಿದ್ದೀರಿ. ತಪ್ಪು. ಬಂಡೆಯ ಮುಂದೆ ಹಿಮ ಮೆತ್ತಗೆ. ಹಿಮನದಿಯ, ಅಂದರೆ ಮೆಲ್ಲಗೆ ಸರಿಯುವ ಹಿಮರಾಶಿಯ, ಅಡಿಯಲ್ಲಿ ಕರಗಿದ ನೀರು ಬಂಡೆಯ ಸೀಳಿಗೆ ಇಳಿದು ಮತ್ತೆ ಹೆಪ್ಪುಗಟ್ಟುತ್ತದೆ, ಮೇಲಿನ ಹಿಮ ಮುಂದೆ ಸರಿಯುವಾಗ ಸಡಿಲಾದ ತುಂಡನ್ನು ಕಿತ್ತುಕೊಂಡೇ ಹೋಗುತ್ತದೆ. ಹಾಗೆ ಕಿತ್ತ ಕಲ್ಲುಗಳೇ ದಾರಿಯುದ್ದಕ್ಕೂ ತಳವನ್ನು ಉಜ್ಜುವುದು. ಬಡಿಗೇರ ಪಾಲಿಶ್ ಪೇಪರ್ ನೋಡಿದ್ದೀರಲ್ಲ, ಅದರಲ್ಲಿ ಮರ ತಿನ್ನುವುದು ಅಂಟಿಸಿದ ಹರಳು, ಕಾಗದ ಸುಮ್ನೆ ಹಿಡಿದುಕೊಂಡಿರುತ್ತದೆ.

ಈಗ ನಿಮ್ಮ ಐದನೇ ಪುಟಕ್ಕೆ ಬನ್ನಿ. ‘ಭಾಗೀರಥಿ ನೀರು ಸಿಮೆಂಟ್ ಕಲಸಿದ ಹಾಗಿತ್ತು, ಸ್ವಲ್ಪ ನಿರಾಸೆಯಾಯಿತು’ ಅಂತ ಒಂದೇ ಸಾಲು ಹಾಕಿ ಚಹಾ ಅಂಗಡಿಗೆ ಓಡಿದ್ದೀರಿ! ಅದು ಕಲ್ಲಿನ ಹಿಟ್ಟು ಮಾಸ್ತರರೇ. ಗಿರಣಿಯಲ್ಲಿ ಜೋಳ ಬೀಸಿದ ಹಾಗೆ ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿ ಬಂಡೆ ಬೀಸುತ್ತಿದೆ, ಆ ಹಿಟ್ಟು ನೀರಲ್ಲಿ ಬೇಗ ತಳಕ್ಕೆ ಕೂರುವುದಿಲ್ಲ. ಲೇಖನ ಇಲ್ಲಿಂದಲೇ ಶುರು ಮಾಡಿ.

ಗಂಗೋತ್ರಿಯ ದಾರಿಯ ಭೈರೋಂಘಾಟಿಯಲ್ಲಿ ಬಸ್ಸಿನಿಂದ ಇಣುಕಿದಾಗ ಎದೆ ಝಲ್ಲೆಂದಿತು, ಗೋಮುಖಕ್ಕೆ ಮುಂಚೆ ಸಿಗುವ ಭೋಜಬಾಸದಲ್ಲಿ ಮಾತ್ರ ಕಣಿವೆ ಅಗಲವಾಗಿ ಹಾಯೆನಿಸಿತು ಅಂದಿದ್ದೀರಿ. ಯಾಕೆ ಅಂತ ಕೇಳಿಕೊಳ್ಳಲೇ ಇಲ್ಲ, ಅಲ್ವಾ? ಮೊದಲನೆಯದು ನೀರು ಗರಗಸದಂತೆ ಕೊರೆದ ಇಕ್ಕಟ್ಟಾದ ಕಂದರ. ಎರಡನೆಯ ಕಡೆ ಹಿಂದೆ ಹಿಮ ಗೋಡೆಯಿಂದ ಗೋಡೆಗೆ ತುಂಬಿಕೊಂಡು, ತಳ ಬದಿ ಎಲ್ಲವನ್ನೂ ಕೆರೆದಿತ್ತು. ಅದಕ್ಕೇ ಇಂಗ್ಲಿಷಿನ ‘ವಿ’ ಅಕ್ಷರದ ಹಾಗಿದ್ದ ಕಣಿವೆ ‘ಯು’ ಆಗುತ್ತದೆ. 6,543 ಮೀಟರಿನ ಶಿವಲಿಂಗ ಶಿಖರದ ಚೂಪಿಗೂ ಹಿಮವೇ ಕಾರಣ, ಹಲವು ಬದಿಯಿಂದ ಬಟ್ಟಲು ತೋಡಿದಂತೆ ತಿಂದು ನಡುವೆ ಉಳಿದ ಕೊಂಬು ಅದು.

ಕಪ್ಪತಗುಡ್ಡವನ್ನೂ ಹಿಮಯುಗವೇ ರೂಪಿಸಿರಬಹುದು ಅನ್ನುವ ಪ್ಯಾರಾ ದಯವಿಟ್ಟು ತೆಗೆಯಿರಿ. ಊರಿನ ಮೇಲಿನ ಪ್ರೀತಿ ಗೊತ್ತಾಗುತ್ತದೆ, ಆದರೆ ಆ ಹಿಮ ನಮ್ಮ ಕಡೆ ಬಂದೇ ಇಲ್ಲ. ಬೇಕಾದರೆ ಗುಡ್ಡದ ಹಳ್ಳಗಳನ್ನು ಮಳೆನೀರಿನ ಕೊರೆತಕ್ಕೆ ಉದಾಹರಣೆಯಾಗಿ ಇಟ್ಟುಕೊಳ್ಳಿ.

ಎಂಟು ಪುಟ ಜಾಸ್ತಿಯಾಯಿತು, ನಾಲ್ಕಕ್ಕೆ ಇಳಿಸಿ. ಸೆಲ್ಫಿ ಬೇಡ. ಉದ್ದುದ್ದ ಗೀರು ಬಿದ್ದ ನುಣುಪು ಬಂಡೆಯ ಫೋಟೋ ಇದ್ದರೆ ಕಳಿಸಿ, ಹಿಮ ಯಾವ ಜಾಡಿನಲ್ಲಿ ಸರಿದಿತ್ತು ಅಂತ ಆ ಗೀರು ನೋಡಿಯೇ ಹೇಳಬಹುದು.