ಹಳೆಯ ಇಮೇಲ್‌ಗಳು ಹೊಸ ಕಂಪ್ಯೂಟರಿಗೆ

ಪ್ರಶ್ನೆ: ನನ್ನ ಹಳೆಯ ವಿಂಡೋಸ್ ಕಂಪ್ಯೂಟರಿನ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ ಅನೇಕ ವರ್ಷಗಳ ಇಮೇಲ್‌ಗಳಿವೆ. ಪಾಪ್ ವಿಧಾನದಲ್ಲಿ ಇಳಿಸಿಕೊಂಡಿರುವುದರಿಂದ ಸರ್ವರ್‌ನಲ್ಲಿ ಪ್ರತಿಗಳಿಲ್ಲ. ಅವನ್ನು ಹೊಸ ಕಂಪ್ಯೂಟರಿಗೆ ಸಾಗಿಸುವುದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರಗಳ ಏಕೈಕ ಪ್ರತಿ ಆ ಹಳೆಯ ಯಂತ್ರದಲ್ಲೇ ಇರುವುದರಿಂದ, ಅವೆಲ್ಲವೂ ಹೊಸದರಲ್ಲಿ ತೆರೆದುಕೊಳ್ಳುವುದನ್ನು ಕಣ್ಣಾರೆ ನೋಡುವವರೆಗೆ ದಯವಿಟ್ಟು ಅದನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಿಸಲೂ ಬೇಡಿ.

ಥಂಡರ್‌ಬರ್ಡ್ ಪತ್ರಗಳು, ವಿಳಾಸಗಳು, ಖಾತೆಯ ವಿವರ ಎಲ್ಲವನ್ನೂ ಪ್ರೊಫೈಲ್ ಎಂಬ ಒಂದೇ ಫೋಲ್ಡರಿನಲ್ಲಿ ಇಡುತ್ತದೆ. ತಂತ್ರಾಂಶವನ್ನು ಪೂರ್ತಿ ಮುಚ್ಚಿ, ವಿಂಡೋಸ್ ಕೀಲಿಯೊಡನೆ ಆರ್ ಒತ್ತಿ, ಬರುವ ಚೌಕದಲ್ಲಿ ಆ್ಯಪ್‌ಡೇಟಾ ಎಂಬುದನ್ನು ಇಂಗ್ಲಿಷಿನಲ್ಲಿ, ಹಿಂದೆ ಮುಂದೆ ಶೇಕಡಾ ಚಿಹ್ನೆ ಸೇರಿಸಿ (%appdata%) ಬರೆದು ಎಂಟರ್ ಒತ್ತಿದರೆ, ರೋಮಿಂಗ್ ಫೋಲ್ಡರ್ ತೆರೆಯುತ್ತದೆ. ಪ್ರೊಫೈಲ್ ಇರುವುದು ಅದರಲ್ಲಿನ ಥಂಡರ್‌ಬರ್ಡ್ ಫೋಲ್ಡರಿನೊಳಗೆ; ಆ ಫೋಲ್ಡರನ್ನು ಇಡಿಯಾಗಿ ಪೆನ್ ಡ್ರೈವಿಗೆ ನಕಲಿಸಿಕೊಳ್ಳಿ.

ಅನೇಕರು ಎಡವುವುದು ಇಲ್ಲೇ. ಪ್ರತಿ ಅಂಚೆಪೆಟ್ಟಿಗೆಯ ಪತ್ರಗಳೆಲ್ಲ ಸಾಮಾನ್ಯವಾಗಿ ಒಂದೇ ಕಡತದಲ್ಲಿ ಸೇರಿರುವುದರಿಂದ, ವರ್ಷಗಳ ಇನ್‌ಬಾಕ್ಸ್ 4 ಜಿಬಿ ಮೀರಿರಬಹುದು. ಫ್ಯಾಟ್32 ಮಾದರಿಯಲ್ಲಿ (ಇದು ಡ್ರೈವ್ ಕಡತಗಳನ್ನು ಜೋಡಿಸಿಡುವ ಒಂದು ವಿಧಾನ) ಫಾರ್ಮ್ಯಾಟ್ ಆದ ಪೆನ್ ಡ್ರೈವ್ ಅಷ್ಟು ದೊಡ್ಡ ಕಡತವನ್ನು ಸ್ವೀಕರಿಸುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾದರಿಯದನ್ನೇ ಬಳಸಿ.

ಹೊಸ ಕಂಪ್ಯೂಟರಿನಲ್ಲಿ ಅದೇ ಆವೃತ್ತಿಯ ಅಥವಾ ಅದಕ್ಕಿಂತ ಹೊಸ ಥಂಡರ್‌ಬರ್ಡನ್ನು ಅದರ ಅಧಿಕೃತ ಜಾಲತಾಣದಿಂದ ಸ್ಥಾಪಿಸಿ, ತೆರೆಯುವ ಮೊದಲೇ ಈ ಫೋಲ್ಡರನ್ನು ರೋಮಿಂಗ್ ಒಳಗೆ ಇರಿಸಿ. ಹಳೆಯ ಆವೃತ್ತಿಯು ಹೊಸ ಆವೃತ್ತಿಯ ಪ್ರೊಫೈಲನ್ನು ಒಪ್ಪುವುದಿಲ್ಲ.

ನೀವು ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳೂ ಈ ನಕಲಿನಲ್ಲಿ ಬಂದಿರುತ್ತವೆ. ಆದ್ದರಿಂದ ಆ ಪೆನ್ ಡ್ರೈವನ್ನು ಯಾರ ಕೈಗೂ ಕೊಡಬೇಡಿ.